ಗೋಡೆಯ ಮರೆಯಲ್ಲಿ ಸತ್ತವನ ತಕರಾರು

1996ರ ಜೂನ್ 1ರಂದು ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದಾಗ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಓಡಾಡಿತು. ಮೂರು ವಾರ ಕಳೆದು, ಜೂನ್ 22ರಂದು, ಅಮೆರಿಕದ ಟೆಕ್ಸಾಸ್‌ನಲ್ಲಿದ್ದ ಐಡಿ ಸಾಫ್ಟ್‌ವೇರ್ ಎಂಬ ಪುಟ್ಟ ಕಂಪನಿ ‘ಕ್ವೇಕ್’ ಎಂಬ ಕಂಪ್ಯೂಟರ್ ಆಟವನ್ನು ಹೊರಬಿಟ್ಟಿತು. ಒಂದಕ್ಕೊಂದು ಏನೇನೂ ಸಂಬಂಧವಿಲ್ಲದ ಸುದ್ದಿಗಳು. ಆಗ ನಮ್ಮಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಗತೊಡಗಿ ಒಂದು ವರ್ಷವೂ ತುಂಬಿರಲಿಲ್ಲ. ವಿಎಸ್‌ಎನ್‌ಎಲ್ ಅದನ್ನು ಶುರು ಮಾಡಿದ್ದು 1995ರ ಆಗಸ್ಟ್ 15ರಂದು, ಅದೂ ಕೆಲವೇ ಮಹಾನಗರಗಳಲ್ಲಿ. ಹರದನಹಳ್ಳಿಯ ಹುಡುಗ ತೆಂಗಿನ ತೋಟದ ಬದುವಿನ ಮೇಲೆ ಕೂತು, ಮುಂಬೈಯಲ್ಲಿರುವ ಮುಖ ಕಾಣದ ಹುಡುಗನಿಗೆ ಗುಂಡು ಹೊಡೆಯುತ್ತಾನೆ ಎಂದು ಆಗ ಯಾರಾದರೂ ಹೇಳಿದ್ದರೆ ಪೊಲೀಸರಿಗೆ ತಿಳಿಸುವ ಮಾತಾಗುತ್ತಿತ್ತು.

ಈಗ ಹೊಡೆಯುತ್ತಾನೆ. ಹೊಡೆಸಿಕೊಳ್ಳುತ್ತಾನೆ ಕೂಡ. ಹೊಡೆಸಿಕೊಂಡಾಗ ಅವನ ಬಾಯಿಂದ ಬರುವ ಮಾತು ಹಾಸನ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ: “ಗೋಡೆ ಹಿಂದಕ್ ಹೋಗಿದ್ದೆ ಕಣ್ಲಾ, ಆದ್ರೂ ಸತ್ತೋದೆ!” ಪಕ್ಕದಲ್ಲಿ ಕೂತವನ ಸಮಾಧಾನವೂ ಒಂದೇ: “ನಿನ್ ನೆಟ್ ಸರಿ ಇಲ್ಲ ಮಗಾ.”

ಮೊದಲನೆಯ ಮಾತು ನೂರಕ್ಕೆ ನೂರು ನಿಜ. ಎರಡನೆಯದು ಅರ್ಧ ನಿಜ. ಉಳಿದ ಅರ್ಧ ಏನು ಎಂಬುದು ಆಡುವ ಹುಡುಗರಿಗೂ ಸಾಮಾನ್ಯವಾಗಿ ಗೊತ್ತಿರುವುದಿಲ್ಲ, ಬೈಯುವ ಅಪ್ಪಂದಿರಿಗಂತೂ ಗೊತ್ತೇ ಇರುವುದಿಲ್ಲ.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ಬಿಜಿಎಂಐ ಎಂದು ಹೆಸರು ಬದಲಾದರೂ ನಮ್ಮ ಊರುಗಳಲ್ಲಿ ಪಬ್ಜಿ ಎಂದೇ ಕರೆಸಿಕೊಳ್ಳುವ ಆಟದಲ್ಲಿ 100 ಮಂದಿ ವಿಮಾನದಿಂದ ಒಂದು ದ್ವೀಪಕ್ಕೆ ಪ್ಯಾರಾಚೂಟಿನಲ್ಲಿ ಇಳಿಯುತ್ತಾರೆ, ಬಿದ್ದಿರುವ ಬಂದೂಕು ಹೆಕ್ಕಿಕೊಳ್ಳುತ್ತಾರೆ, ಆಡಬಹುದಾದ ಜಾಗ, ಅಂದರೆ ಝೋನ್, ಕಿರಿದಾಗುತ್ತ ಬಂದಂತೆ ಒಬ್ಬರನ್ನೊಬ್ಬರು ಹೊಡೆದುಹಾಕುತ್ತಾರೆ, ಕೊನೆಗೆ ಉಳಿದ ತಂಡ ಗೆದ್ದಂತೆ. ಫ್ರೀ ಫೈರ್‌ನಲ್ಲಿ 50 ಮಂದಿ, ಆಟವೂ ಚಿಕ್ಕದು. ಕೌಂಟರ್ ಸ್ಟ್ರೈಕ್, ವ್ಯಾಲರಂಟ್, ಕಾಲ್ ಆಫ್ ಡ್ಯೂಟಿ ಇವೆಲ್ಲ ಐದಾರು ಜನರ ಎರಡು ತಂಡಗಳ ನಡುವೆ ಇಕ್ಕಟ್ಟಾದ ಓಣಿಗಳಲ್ಲಿ ನಡೆಯುವ ಇನ್ನೂ ಬಿರುಸಿನ ಜಗಳಗಳು. ಈ ಕೊನೆಯ ಮೂರರಲ್ಲಿ ಆಟಗಾರನ ಕಣ್ಣೇ ಪರದೆ. ಬಂದೂಕಿನ ತುದಿ ಬಿಟ್ಟರೆ ಅವನ ಮೈ ಅವನಿಗೆ ಕಾಣುವುದಿಲ್ಲ. ಮೂಲೆ ತಿರುಗಿದಾಗ ಎದುರಾಳಿ ಕಂಡರೆ ಯಾರು ಮೊದಲು ಒತ್ತಿದರೋ ಅವರು ಬದುಕಿದರು. ಕಣ್ಣಿಗೆ ಬಿದ್ದದ್ದು ಬೆರಳಿಗೆ ತಲುಪಲು ಮನುಷ್ಯನಿಗೆ ಸುಮಾರು 200ರಿಂದ 250 ಮಿಲಿಸೆಕೆಂಡ್ ಬೇಕು, ಅಂದರೆ ಸೆಕೆಂಡಿನ ಕಾಲು ಭಾಗ. ಆಟ ನಡೆಯುವುದು ಆ ಕಾಲು ಭಾಗದ ಒಳಗೆ.

ಇಲ್ಲಿಗೆ ನೆಟ್ಟು ಬಂತು. ಪರದೆಯ ಮೂಲೆಯಲ್ಲಿ 48, 63, 110 ಎಂದು ಕುಣಿಯುವ ಒಂದು ಅಂಕಿ ಇರುತ್ತದೆ. ಚೆನ್ನಾಗಿದ್ದರೆ ಹಸಿರು, ಕೆಟ್ಟರೆ ಕೆಂಪು. ಹುಡುಗರು ಅದನ್ನು ಪಿಂಗ್ ಎನ್ನುತ್ತಾರೆ. ಫೋನಿನಿಂದ ಹೊರಟ ಸಣ್ಣ ಸಂದೇಶ ಸರ್ವರಿಗೆ, ಅಂದರೆ ಎಲ್ಲರ ಆಟವನ್ನೂ ನಡೆಸುವ ದೂರದ ಕಂಪ್ಯೂಟರಿಗೆ, ಹೋಗಿ ವಾಪಸ್ ಬರಲು ಹಿಡಿದ ಮಿಲಿಸೆಕೆಂಡ್‌ಗಳು ಅವು. ರೀಚಾರ್ಜ್ ಅಂಗಡಿಯಲ್ಲಿ ಹೇಳುವ ‘ಸ್ಪೀಡ್’ ಬೇರೆ, ಇದು ಬೇರೆ. ಗೊರೂರಿನಲ್ಲಿ ಹೇಮಾವತಿ ಎಡದಂಡೆ ನಾಲೆಗೆ ನೀರು ಬಿಟ್ಟ ಗಳಿಗೆಗೇ ಬಾಗೂರು–ನವಿಲೆ ಸುರಂಗದ ಆಚೆಗಿನ ಗದ್ದೆಗೆ ನೀರು ಬರುವುದಿಲ್ಲ. ನಾಲೆ ಎಷ್ಟು ಅಗಲ ಎಂಬುದು ಒಂದು ಲೆಕ್ಕ, ತೂಬೆತ್ತಿದ ಮೇಲೆ ಮೊದಲ ನೀರು ಮುಟ್ಟಲು ಎಷ್ಟು ಹೊತ್ತು ಎಂಬುದು ಇನ್ನೊಂದು. ಸಿನಿಮಾ ನೋಡಲು ಅಗಲ ಬೇಕು. ಶೂಟಿಂಗ್ ಗೇಮಿಗೆ ಅಗಲ ಬೇಕಾಗಿಯೇ ಇಲ್ಲ, ಒಬ್ಬ ಆಟಗಾರನ ಓಡಾಟ, ಗುರಿ, ಗುಂಡು ಇಷ್ಟನ್ನು ತಿಳಿಸುವ ಅಕ್ಷರಗಳು ಬಹಳ ಕಡಿಮೆ. ಆದ್ದರಿಂದ ‘ಗೇಮಿಂಗಿಗಾಗಿ’ ಎಂದು ದೊಡ್ಡ ಡೇಟಾ ಪ್ಯಾಕ್ ಹಾಕಿಸಿಕೊಂಡವನು ಕಂಪನಿಗೆ ಉಪಕಾರ ಮಾಡಿದನೇ ಹೊರತು ತನಗಲ್ಲ.

ಹೊತ್ತು ಎಲ್ಲಿ ಹೋಗುತ್ತದೆ ನೋಡೋಣ. ಗಾಜಿನ ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸರ್ವರು ಮುಂಬೈಯಲ್ಲಿದೆ ಎಂದಿಟ್ಟುಕೊಂಡರೆ, ಹರದನಹಳ್ಳಿಯಿಂದ ಅಲ್ಲಿಗೆ ಹಕ್ಕಿ ಹಾರುವ ದಾರಿಯಲ್ಲಿ ಹೆಚ್ಚುಕಡಿಮೆ 780 ಕಿಲೋಮೀಟರ್. ಹೋಗಿಬರಲು 1,560. ಬರೀ ಬೆಳಕಿನ ಲೆಕ್ಕ ಹಿಡಿದರೆ ಏಳೆಂಟು ಮಿಲಿಸೆಕೆಂಡಿಗೆ ಕೆಲಸ ಮುಗಿಯಬೇಕು. ಪರದೆ ತೋರಿಸುವುದು 50, 60. ಮಿಕ್ಕದ್ದನ್ನು ಯಾರು ತಿಂದರು? ಮೊದಲ ಪಾಲು ಟವರಿನದು. ಮೊಬೈಲು ತನಗೆ ಬೇಕೆಂದಾಗ ಮಾತಾಡುವಂತಿಲ್ಲ. ಟವರಿಗೆ ಕೇಳಿ, ಸರದಿ ಬಂದಾಗ ಕಳಿಸಬೇಕು. ಸಂಜೆ ಏಳರ ಮೇಲೆ ಊರಿನವರೆಲ್ಲ ರೀಲ್ಸ್ ನೋಡುತ್ತಿದ್ದರೆ, ಐಪಿಎಲ್ ನಡೆಯುತ್ತಿದ್ದರೆ ಸರದಿ ಉದ್ದ. ಟವರು ದಾಟಿದ ಮೇಲೆ ಸಂದೇಶ ನೇರ ಮುಂಬೈ ಬಸ್ಸು ಹತ್ತುವುದಿಲ್ಲ, ಅದು ಸಾಮಾನ್ಯವಾಗಿ ಬೆಂಗಳೂರಿಗೆ ಹೋಗಿ, ಅಲ್ಲಿಂದ ಒಂದು ಕಂಪನಿಯ ಜಾಲದಿಂದ ಇನ್ನೊಂದು ಕಂಪನಿಯ ಜಾಲಕ್ಕೆ ದಾಟಿ, ಆಮೇಲೆ ಸರ್ವರು ಸೇರುತ್ತದೆ. ಸ್ಥಿರವಾದ 80 ಪಿಂಗ್ ಹೇಗೋ ಸಹಿಸಬಹುದು, ಕೈ ಅದಕ್ಕೆ ಒಗ್ಗಿಕೊಳ್ಳುತ್ತದೆ. 40ರಿಂದ 200ಕ್ಕೆ ಹಾರಿ ಮತ್ತೆ 50ಕ್ಕೆ ಇಳಿಯುವ ಪಿಂಗ್ ಮಾತ್ರ ಪ್ರಾಣ ತೆಗೆಯುತ್ತದೆ. ಹಳ್ಳಿಯ 4ಜಿಯ ರೋಗ ಇದೇ.

ಈ ತಡಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಒಳ್ಳೆಯ ಅಳತೆಗೋಲಿದೆ. ಹಾಸನದ ಸಾಲಗಾಮೆ ರಸ್ತೆಯಲ್ಲಿ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. ಎಂಸಿಎಫ್ ಎಂದರೆ ಹಾಸನದ ಆಟೋದವರಿಗೂ ಗೊತ್ತು. ಇನ್ಸಾಟ್ ಸಾಲಿನ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ಅಲ್ಲಾಡದಂತೆ ಇಟ್ಟವರು ಇಲ್ಲಿನವರು. ಆ ಉಪಗ್ರಹಗಳು ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಮೇಲಿವೆ. ಹಾಸನದಿಂದ ಒಂದು ಸಂಕೇತ ಮೇಲೆ ಹೋಗಿ ಕೆಳಗಿಳಿಯಲು, ಬೆಳಕಿನ ಪೂರ್ತಿ ವೇಗದಲ್ಲಿ ಓಡಿದರೂ, ಸೆಕೆಂಡಿನ ಕಾಲು ಭಾಗ ಬೇಕೇಬೇಕು. ಅದಕ್ಕೆ ಉತ್ತರವೂ ಅದೇ ದಾರಿಯಲ್ಲಿ ಬರಬೇಕಾದರೆ ಒಟ್ಟು ಅರ್ಧ ಸೆಕೆಂಡ್, ಪಿಂಗಿನ ಭಾಷೆಯಲ್ಲಿ 480ರ ಮೇಲೆ. ಟಿವಿಗೆ, ಹವಾಮಾನದ ಚಿತ್ರಕ್ಕೆ ಇದು ಏನೂ ಅಲ್ಲ. ಪಬ್ಜಿಗೆ ಇದು ಮರಣಶಾಸನ. ನೀವು ಎದುರಾಳಿಯನ್ನು ನೋಡುವ ಹೊತ್ತಿಗೆ ಅವನು ನಿಮ್ಮನ್ನು ಕೊಂದು, ಲೂಟ್ ಮಾಡಿ, ಮುಂದಿನ ಮನೆಗೆ ಹೋಗಿರುತ್ತಾನೆ. ಯಾವ ಎಂಜಿನಿಯರೂ ಇದನ್ನು ರಿಪೇರಿ ಮಾಡಲಾರ, ಬೆಳಕಿಗಿಂತ ಬೇಗ ಹೋಗುವ ದಾರಿಯೇ ಇಲ್ಲವಲ್ಲ. ಹೊಸದಾಗಿ ಬರುತ್ತಿರುವ ಉಪಗ್ರಹ ಇಂಟರ್ನೆಟ್ಟಿನವರು 36,000 ಬಿಟ್ಟು ಐನೂರು ಚಿಲ್ಲರೆ ಕಿಲೋಮೀಟರ್ ಎತ್ತರದಲ್ಲಿ ಸಾವಿರಾರು ಉಪಗ್ರಹ ಹಾರಿಸುವುದಕ್ಕೆ ಇದೂ ಒಂದು ಕಾರಣ.

ತಡವನ್ನು ತೆಗೆಯಲಾಗದು, ಮುಚ್ಚಿಡಬಹುದು. ಮುಚ್ಚಿಡುವ ವಿದ್ಯೆ ಹೆಸರಾದದ್ದು ಕ್ವೇಕ್‌ನಿಂದ. ಅದನ್ನು ಬರೆದ ಜಾನ್ ಕಾರ್ಮ್ಯಾಕ್ ಪ್ರಚಂಡ ಬುದ್ಧಿವಂತ. ಆದರೆ ಅವನ ಬಳಿ ಇದ್ದದ್ದು ಕಚೇರಿಯ ವೇಗದ ಲೈನು. ಆಟ ಬಿಡುಗಡೆಯಾದ ಮೇಲೆ ಗೊತ್ತಾಯಿತು, ಜನ ಆಡುತ್ತಿರುವುದು ಟೆಲಿಫೋನಿಗೆ ಸಿಕ್ಕಿಸಿದ ಮೋಡೆಮ್‌ನಲ್ಲಿ, ಪಿಂಗ್ 300ರ ಆಚೆ. ಮೂಲ ಕ್ವೇಕ್‌ನಲ್ಲಿ ಆಟಗಾರ ‘ಮುಂದೆ ಹೋಗು’ ಎಂದು ಒತ್ತಿದರೆ ಆ ಕೋರಿಕೆ ಸರ್ವರಿಗೆ ಹೋಗಿ ಒಪ್ಪಿಗೆ ಬಂದ ಮೇಲೆಯೇ ಪರದೆಯಲ್ಲಿ ಹೆಜ್ಜೆ ಮುಂದಾಗುತ್ತಿತ್ತು. ಒತ್ತಿ, ಕಾದು, ನಡೆಯುವ ಆಟ! ಆ ಆಗಸ್ಟ್‌ನಲ್ಲಿ ಕಾರ್ಮ್ಯಾಕ್ ತನ್ನ ಲೆಕ್ಕವೇ ತಪ್ಪಾಗಿತ್ತೆಂದು ಬಹಿರಂಗವಾಗಿ ಬರೆದ, ವರ್ಷ ಮುಗಿಯುವುದರೊಳಗೆ ‘ಕ್ವೇಕ್‌ವರ್ಲ್ಡ್’ ಎಂಬ ಹೊಸ ಆವೃತ್ತಿ ಕೊಟ್ಟ. ಅದರಲ್ಲಿ ಆಟಗಾರನ ಕಂಪ್ಯೂಟರು ಒಪ್ಪಿಗೆಗೆ ಕಾಯುವುದಿಲ್ಲ. ಒತ್ತಿದ ತಕ್ಷಣ ತಾನೇ ಊಹಿಸಿ ಮುಂದೆ ನಡೆಸಿಬಿಡುತ್ತದೆ. ಸರ್ವರು ಆಮೇಲೆ ಬೇರೆ ಹೇಳಿದರೆ ತಿದ್ದಿಕೊಳ್ಳುತ್ತದೆ. ನೆಟ್ ಕೈಕೊಟ್ಟಾಗ ಓಡುತ್ತಿದ್ದವನು ಇದ್ದಕ್ಕಿದ್ದಂತೆ ನಾಲ್ಕು ಹೆಜ್ಜೆ ಹಿಂದಕ್ಕೆ ಎಳೆಸಿಕೊಂಡಂತೆ ಆಗುತ್ತದಲ್ಲ, ಅದು ಆ ತಿದ್ದುಪಡಿ. ಮೂವತ್ತು ವರ್ಷ ಹತ್ತಿರವಾಯಿತು, ಇವತ್ತಿನ ಮೊಬೈಲ್ ಆಟಗಳೂ ಇದೇ ಉಪಾಯದ ಮೇಲೆ ನಿಂತಿವೆ.

ಇದರ ಫಲವಾಗಿ ಒಂದು ವಿಚಿತ್ರ ಹುಟ್ಟಿಕೊಂಡಿತು. ನನ್ನ ಪರದೆಯಲ್ಲಿ ನಾನು ಈ ಕ್ಷಣದಲ್ಲಿದ್ದೇನೆ, ಎದುರಾಳಿಗಳೆಲ್ಲ ಸ್ವಲ್ಪ ಹಿಂದಿನ ಕ್ಷಣದಲ್ಲಿದ್ದಾರೆ. ಅವರ ಪರದೆಯಲ್ಲಿ ಅವರು ಈಗ, ನಾನು ಹಿಂದೆ. ನೂರು ಮಂದಿ ಆಡುತ್ತಿದ್ದರೆ ನೂರು ಬೇರೆ ಬೇರೆ ‘ಈಗ’ಗಳಿವೆ. ನಾನು ಗುರಿ ಇಟ್ಟು ಹೊಡೆದದ್ದು ಅವನು ಇದ್ದ ಜಾಗಕ್ಕೆ, ಇರುವ ಜಾಗಕ್ಕಲ್ಲ. ಹಾಗಾದರೆ ಗುಂಡು ತಾಗಿತೋ ಇಲ್ಲವೋ?

ನ್ಯಾಯಸ್ಥಾನದಲ್ಲಿ ಕೂತಿರುವುದು ಸರ್ವರು. ‘ಹಾಫ್ ಲೈಫ್’ ಮತ್ತು ಅದರ ಮೇಲೆ ಕಟ್ಟಿದ ಕೌಂಟರ್ ಸ್ಟ್ರೈಕ್‌ಗಾಗಿ ವಾಲ್ವ್ ಕಂಪನಿಯ ಯಾನ್ ಬರ್ನಿಯರ್ ರೂಪಿಸಿ 2001ರಲ್ಲಿ ವಿವರವಾಗಿ ಬರೆದಿಟ್ಟ ವಿಧಾನ ಹೀಗಿದೆ: ಸರ್ವರು ಎಲ್ಲರ ಇತ್ತೀಚಿನ ಓಡಾಟದ ದಾಖಲೆ ಇಟ್ಟುಕೊಂಡಿರುತ್ತದೆ. ಗುಂಡಿನ ಸುದ್ದಿ ಬಂದ ಕೂಡಲೇ, ಹೊಡೆದವನ ಪಿಂಗ್ ಎಷ್ಟು ಎಂದು ನೋಡಿ, ಅಷ್ಟು ಕಾಲ ಹಿಂದಕ್ಕೆ ಹೋಗಿ, ಅವನ ಕಣ್ಣಿಗೆ ಆಗ ಕಂಡದ್ದೇನು ಎಂದು ಎಲ್ಲರನ್ನೂ ಆ ಹಳೆಯ ಜಾಗಗಳಿಗೆ ಇಟ್ಟು ಪರೀಕ್ಷಿಸುತ್ತದೆ. ಆಗ ತಾಗಿದ್ದರೆ ತಾಗಿತು. ತೀರ್ಪು ಕೊಟ್ಟು ಮತ್ತೆ ವರ್ತಮಾನಕ್ಕೆ ಬರುತ್ತದೆ. ಆಟದಿಂದ ಆಟಕ್ಕೆ ವಿವರ ಬೇರೆಯಾದರೂ ಹೊಡೆಯುವವನ ಕಣ್ಣಿಗೆ ಮರ್ಯಾದೆ ಎಂಬ ತತ್ವ ಹೆಚ್ಚಿನ ಕಡೆ ಇದೇ.

ಗೋಡೆಯ ಕೇಸಿಗೆ ಬನ್ನಿ. ನಿಮ್ಮ ಪಿಂಗ್ 40, ಹೊಡೆದವನದು 120 ಎಂದಿಟ್ಟುಕೊಳ್ಳಿ. ಅವನ ಪರದೆಯಲ್ಲಿ ನೀವು ಇನ್ನೂ ಬಯಲಿನಲ್ಲಿದ್ದೀರಿ. ಅವನು ಒತ್ತಿದ. ಆ ಸುದ್ದಿ ಸರ್ವರಿಗೆ ಬಂದು, ನಿಮಗೆ ತಲುಪುವುದರೊಳಗೆ, ಸೆಕೆಂಡಿಗೆ 6 ಮೀಟರಿನಂತೆ ಓಡುತ್ತಿರುವ ನೀವು ಮುಕ್ಕಾಲು ಮೀಟರೋ ಒಂದು ಮೀಟರೋ ಮುಂದೆ ಹೋಗಿ ಗೋಡೆಯ ಮರೆ ಸೇರಿದ್ದೀರಿ. ಸರ್ವರು ಹಿಂದಕ್ಕೆ ನೋಡಿತು, ಹೌದು, ಅವನಿಗೆ ನೀವು ಕಾಣುತ್ತಿದ್ದಿರಿ. ನೀವು ಸತ್ತಿರಿ, ಗೋಡೆಯ ಹಿಂದೆ. ಇಲ್ಲಿ ನಿಮ್ಮ ನೆಟ್ಟಿನ ತಪ್ಪು ಕಡಿಮೆ. ನೆಟ್ ಸರಿ ಇಲ್ಲದ್ದು ಅವನದು! ಹೊಳೆನರಸೀಪುರದ ಹುಡುಗ ಮುಂಬೈಯವನ ಫೈಬರನ್ನು ಶಪಿಸುವ ಹೊತ್ತಿಗೆ, ಮುಂಬೈಯ ಹುಡುಗ ಯಾವುದೋ ಹಳ್ಳಿಯವನ 4ಜಿಯನ್ನು ಶಪಿಸುತ್ತಿರುತ್ತಾನೆ, ಇಬ್ಬರಿಗೂ ಕಾರಣವಿದೆ.

ಇದು ಅನ್ಯಾಯವಲ್ಲವೇ ಎಂದರೆ, ಹೌದು. ಆದರೆ ಇದನ್ನು ತಿರುಗಿಸಿದರೆ ಇನ್ನೂ ದೊಡ್ಡ ಅನ್ಯಾಯ. ಸರ್ವರು ಹಿಂದಕ್ಕೆ ನೋಡದಿದ್ದರೆ, ತಡವಿರುವ ಆಟಗಾರ ಎದುರಾಳಿಯ ಮೈ ಬಿಟ್ಟು ಅವನು ಮುಂದೆ ಎಲ್ಲಿರುತ್ತಾನೋ ಆ ಖಾಲಿ ಜಾಗಕ್ಕೆ ಗುರಿಯಿಡಬೇಕು. ನಗರದವರು ಬೇಟೆಯಾಡುತ್ತಾರೆ, ಹಳ್ಳಿಯವರು ಗಾಳಿಗೆ ಗುಂಡು ಹೊಡೆಯುತ್ತಾರೆ. ಓಡುವವನಿಗೆ ಅಪರೂಪಕ್ಕೆ ಆಗುವ ಮೋಸ, ಹೊಡೆಯುವವನಿಗೆ ಪ್ರತಿಸಲ ಆಗುವ ಮೋಸ, ಇವೆರಡರಲ್ಲಿ ಮೊದಲನೆಯದನ್ನು ಆರಿಸಿಕೊಂಡರು. ನನಗಂತೂ ಅದು ಸರಿ ಎನಿಸುತ್ತದೆ. ಹರದನಹಳ್ಳಿಯವನು ಮುಂಬೈಯವನ ಜೊತೆ ಒಂದೇ ಕಣದಲ್ಲಿ ನಿಲ್ಲಲು ಸಾಧ್ಯವಾಗಿರುವುದೇ ಈ ರಾಜಿಯಿಂದ. ಎಷ್ಟು ಹಿಂದಕ್ಕೆ ಹೋಗಬಹುದು ಎಂಬುದಕ್ಕೆ ಆಟಗಳು ಮಿತಿ ಇಟ್ಟಿರುತ್ತವೆ. ಇಲ್ಲದಿದ್ದರೆ ಬೇಕಂತಲೇ ನೆಟ್ ಕೆಡಿಸಿಕೊಂಡು ಬರುವ ಜಾಣರಿಗೇನು ಬರವೇ?

ಇದೇ ತಡದಿಂದ ಇನ್ನೊಂದು ಗುಟ್ಟು ಬಿಚ್ಚಿಕೊಳ್ಳುತ್ತದೆ. ಹೊಸದಾಗಿ ಆಡುವವರು ಮನೆಯೊಳಗೆ ಬಾಗಿಲಿಗೆ ಗುರಿಯಿಟ್ಟು ಕೂರುತ್ತಾರೆ. ಹುಡುಗರ ಮಾತಿನಲ್ಲಿ ಕ್ಯಾಂಪ್ ಹೊಡೆಯುವುದು. ಕೂತವನಿಗೆ ಲಾಭ ಎಂಬುದು ಸಾಮಾನ್ಯ ಬುದ್ಧಿ. ಆದರೆ ಪಳಗಿದವರು “ರಶ್ ಮಾಡು, ರಶ್ ಮಾಡು” ಎಂದು ಕಿರುಚುತ್ತಾರೆ. ಅದು ಬರೀ ಹುಮ್ಮಸ್ಸಲ್ಲ. ಒಳನುಗ್ಗುವವನ ಹೆಜ್ಜೆ ಅವನ ಪರದೆಯಲ್ಲಿ ತಕ್ಷಣ ಬೀಳುತ್ತದೆ, ಕೂತವನು ಅವನಿಗೆ ಆಗಲೇ ಕಾಣುತ್ತಿದ್ದಾನೆ. ಕೂತವನಿಗೆ ಮಾತ್ರ ನುಗ್ಗಿದವನ ಸುದ್ದಿ ಎರಡು ಅರ್ಧ ಪಿಂಗ್ ದಾಟಿ, ಫೋನಿನೊಳಗೆ ಚಿತ್ರ ನಯವಾಗಲೆಂದು ಹಿಡಿದಿಡುವ ಹೊತ್ತೂ ಸೇರಿ, ಸುಮಾರು 100 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಕಾಲು ಸೆಕೆಂಡಿನ ಜಗಳದಲ್ಲಿ ಅರ್ಧದ ಹತ್ತಿರ ಬಿಟ್ಟಿ ಸಿಕ್ಕಿತು. ಕೌಂಟರ್ ಸ್ಟ್ರೈಕ್ ಆಡುವವರು ಇದನ್ನು ‘ಪೀಕರ್ಸ್ ಅಡ್ವಾಂಟೇಜ್’ ಎಂದು ಕರೆಯುತ್ತಾರೆ. ಇದನ್ನು ತಗ್ಗಿಸಲೆಂದೇ 2020ರಲ್ಲಿ ಬಂದ ವ್ಯಾಲರಂಟ್ ತನ್ನ ಸರ್ವರು ಸೆಕೆಂಡಿಗೆ 128 ಸಲ ಲೆಕ್ಕ ಹಾಕುವಂತೆ ಮಾಡಿತು. ಕೌಂಟರ್ ಸ್ಟ್ರೈಕ್‌ನ ಮಾಮೂಲಿ ಸರ್ವರುಗಳು ಆಗ 64 ಸಲ ಹಾಕುತ್ತಿದ್ದವು.

ಹಳೆಯ ತಲೆಗಳಿಗೆ ಈ ರಗಳೆ ಇರಲಿಲ್ಲ. 2000ರ ಆಸುಪಾಸಿನಲ್ಲಿ ಎಂಜಿನಿಯರಿಂಗ್ ಹಾಸ್ಟೆಲುಗಳಲ್ಲಿ ಕೌಂಟರ್ ಸ್ಟ್ರೈಕ್ ಆಡಿದವರು ಒಂದೇ ಕಟ್ಟಡದ ವೈರಿನಲ್ಲಿ ಸೇರಿಕೊಂಡಿದ್ದರು; ಪಿಂಗ್ ಒಂದೋ ಎರಡೋ. ಅವರೀಗ ಬೆಂಗಳೂರಿನಲ್ಲಿ ಸಾಲದ ಕಂತು ಕಟ್ಟುತ್ತ, “ನಮ್ ಕಾಲದಲ್ಲಿ ಸ್ಕಿಲ್ ಇತ್ತು” ಎನ್ನುತ್ತಾರೆ. ಇತ್ತು, ಜೊತೆಗೆ ವೈರೂ ಇತ್ತು. ದೊಡ್ಡ ಪಂದ್ಯಾವಳಿಗಳ ಫೈನಲ್ಲನ್ನು ಇಂದಿಗೂ ಎಲ್ಲರನ್ನೂ ಒಂದೇ ವೇದಿಕೆಗೆ ಕರೆಸಿ ಆಡಿಸುವುದಕ್ಕೆ ಇದೂ ಕಾರಣ.

ಎಲ್ಲವನ್ನೂ ನೆಟ್ಟಿನ ತಲೆಗೆ ಕಟ್ಟುವಂತಿಲ್ಲ. ಅಗ್ಗದ ವೈರ್‌ಲೆಸ್ ಇಯರ್‌ಬಡ್ ಕಿವಿಗಿಟ್ಟುಕೊಂಡವನಿಗೆ ಬ್ಲೂಟೂತ್‌ನಿಂದಲೇ ಶಬ್ದ ನೂರು, ಇನ್ನೂರು ಮಿಲಿಸೆಕೆಂಡ್ ತಡ; ಹೆಜ್ಜೆ ಸದ್ದು ಕೇಳಿ ತಿರುಗುವ ಆಟದಲ್ಲಿ ಇದು ಕೆಟ್ಟ ಪಿಂಗಿಗೆ ಸಮ. ಹಳೆಯ ವೈರಿನ ಇಯರ್‌ಫೋನೇ ವಾಸಿ. ಚಾರ್ಜಿಗೆ ಹಾಕಿಕೊಂಡೇ ಆಡಿದರೆ ಫೋನು ಕಾದು, ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಸೆಕೆಂಡಿಗೆ 60 ಚಿತ್ರ ತೋರಿಸುತ್ತಿದ್ದದ್ದು 30ಕ್ಕೆ ಬಿತ್ತೆಂದರೆ ಪ್ರತಿ ಚಿತ್ರಕ್ಕೂ 17ರ ಬದಲು 33 ಮಿಲಿಸೆಕೆಂಡ್. ಇನ್ನು ಪಬ್ಜಿಯಲ್ಲಿ ಗುಂಡಿಗೇ ವೇಗವಿದೆ. ಎಂ416 ಬಂದೂಕಿನ ಗುಂಡು ಸೆಕೆಂಡಿಗೆ ಸುಮಾರು 880 ಮೀಟರ್; 300 ಮೀಟರ್ ದೂರದಲ್ಲಿ ಓಡುವವನಿಗೆ ತಾಗಲು ಸೆಕೆಂಡಿನ ಮೂರನೇ ಒಂದು ಭಾಗ ಬೇಕು. ಅಲ್ಲಿ ತಪ್ಪಿದರೆ ಅದು ಗುರಿಯ ತಪ್ಪು. “ನೆಟ್ ಸರಿ ಇಲ್ಲ” ಎಂಬುದು ಬಹಳಷ್ಟು ಸಲ ಶುದ್ಧ ಸುಳ್ಳು. ಅಂಕಿ ಮೂಲೆಯಲ್ಲಿ ಹಸಿರಾಗಿಯೇ ಇರುತ್ತದೆ.

ಸರ್ಕಾರದ ಕಡೆಯ ಕಥೆ ಚಿಕ್ಕದು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಪಬ್ಜಿ ಮೊಬೈಲ್ ಇತ್ತು. 2021ರ ಜುಲೈ 2ರಂದು ಕೊರಿಯಾದ ಕ್ರಾಫ್ಟನ್ ಅದನ್ನೇ ಬಿಜಿಎಂಐ ಎಂದು ತಂದಿತು. 2022ರ ಜುಲೈಯಲ್ಲಿ ಅದೂ ಅಂಗಡಿಯಿಂದ ಮಾಯವಾಯಿತು, 2023ರ ಮೇ ತಿಂಗಳಲ್ಲಿ ಮರಳಿತು. ಫ್ರೀ ಫೈರ್ 2022ರ ಫೆಬ್ರುವರಿಯಲ್ಲಿ ಹೋಯಿತು, ಅದರ ಮ್ಯಾಕ್ಸ್ ಆವೃತ್ತಿ ಉಳಿಯಿತು. ನಿಷೇಧದ ದಿನಗಳಲ್ಲಿ ಕಳ್ಳದಾರಿಯಿಂದ ಕೊರಿಯಾದ ಆವೃತ್ತಿ ಆಡಿದವರನ್ನು ಕಾಡಿದ್ದು ಪೊಲೀಸರಲ್ಲ, ಪಿಂಗ್. ಅಷ್ಟು ದೂರದ ಸರ್ವರಿಗೆ ಹೋಗಿಬರುವ ಹೊತ್ತು ಯಾವ ಕಾನೂನಿಗಿಂತಲೂ ಕಟ್ಟುನಿಟ್ಟು.

ಈ ಆಟಗಳನ್ನು ರಮ್ಮಿಯ ಜೊತೆ ಸೇರಿಸಿ ಬೈಯುವ ರೂಢಿ ನಮ್ಮ ಕಡೆ ಇದೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ 2025ರ ಕೇಂದ್ರ ಕಾಯ್ದೆ ಇ–ಕ್ರೀಡೆಗಳನ್ನು ಬೇರೆಯಾಗಿಯೇ ಇಟ್ಟಿದೆ. ಪಬ್ಜಿಯಲ್ಲಿ ಹಣ ಕಳೆಯುವವರು ಬಣ್ಣದ ಬಂದೂಕು, ವೇಷಭೂಷಣಕ್ಕೆ ಯುಸಿ ಎಂಬ ಆಟದೊಳಗಿನ ನಾಣ್ಯ ಕೊಂಡು ಕಳೆಯುತ್ತಾರೆ. ಅದೂ ನಷ್ಟವೇ, ಜೂಜಲ್ಲ ಅಷ್ಟೆ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಪಬ್ಜಿ ಮೊಬೈಲ್ ಪದಕದ ಆಟವಾಗಿತ್ತು. ಮನುಷ್ಯರ ಬದಲು ಗುರಿಹಲಗೆಗೆ ಗುಂಡು ಹೊಡೆಯುವಂತೆ ಅಲ್ಲಿ ಆಟವನ್ನು ಮಾರ್ಪಡಿಸಿದ್ದರು. ನೋಡುವವರಿಗೆ ಸಪ್ಪೆ ಎನಿಸಿದ್ದರೆ ಆಶ್ಚರ್ಯವಿಲ್ಲ.

ಹದಿನೆಂಟು ತುಂಬದವರಿಗೆ ಬಿಜಿಎಂಐ ದಿನಕ್ಕೆ 3 ಗಂಟೆಯ ಮಿತಿ ಇಟ್ಟಿದೆ. ಅಪ್ಪನ ನಂಬರಿನಲ್ಲಿ ಆಡುವವನಿಗೆ ಅದು ಎಲ್ಲಿ ಅನ್ವಯಿಸೀತು! ಮನೆಯಲ್ಲಿ ದಿನವೂ ನಡೆಯುವ ಜಗಳ ಮಾತ್ರ ಬೇರೆಯದು. ಅಡುಗೆಮನೆಯಿಂದ ಅಮ್ಮ “ಊಟಕ್ ಬಾರೋ” ಎಂದಾಗ “ಒಂದ್ನಿಮ್ಷ ಇರಮ್ಮ” ಎಂಬ ಉತ್ತರ ಬರುತ್ತದೆ, ಆ ಒಂದು ನಿಮಿಷ ಇಪ್ಪತ್ತಾಗುತ್ತದೆ. ಇದು ಯಾವಾಗಲೂ ಉದ್ಧಟತನವಲ್ಲ. ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಹಳೆಯ ವಿಡಿಯೊ ಗೇಮುಗಳನ್ನು ನಿಲ್ಲಿಸಿ ಎದ್ದು ಹೋಗಬಹುದಿತ್ತು, ಗಡಿಯಾರ ಆಟದೊಳಗೇ ಇತ್ತು. ಇಲ್ಲಿ ಗಡಿಯಾರ ಸರ್ವರಿನಲ್ಲಿದೆ, ನೂರು ಜನರಿಗೂ ಸೇರಿದ್ದು; ಒಬ್ಬನ ಮುದ್ದೆಗಾಗಿ ಅದು ನಿಲ್ಲುವುದಿಲ್ಲ. ಅವನು ಫೋನು ಕೆಳಗಿಟ್ಟರೆ ಅವನ ಬೊಂಬೆ ಬಯಲಿನಲ್ಲಿ ಹಾಗೇ ನಿಂತಿರುತ್ತದೆ, ಸ್ಕ್ವಾಡಿನ ಉಳಿದ ಮೂವರು ನಡುನೀರಿನಲ್ಲಿ. ಎರಾಂಗಲ್ ದ್ವೀಪದ ಪೂರ್ತಿ ಮ್ಯಾಚಿಗೆ ಅರ್ಧ ಗಂಟೆ ಹಿಡಿಯುತ್ತದೆ, ನಾಲ್ಕು ನಾಲ್ಕು ಜನರ ಎರಡು ತಂಡಗಳ ಟಿಡಿಎಂ ಎಂಬ ಚಿಕ್ಕ ಆಟ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಆದ್ದರಿಂದ ಕರೆಯುವವರು ವಿಮಾನ ಹಾರುವ ಮುಂಚೆ ಕರೆಯುವುದು ಒಳ್ಳೆಯದು. ಅರ್ಧ ಗಂಟೆಯಲ್ಲಿ ಊಟ ಎಂದು ಗೊತ್ತಿದ್ದವನು ಎರಾಂಗಲ್‌ಗೆ ಇಳಿಯದೆ ಟಿಡಿಎಂ ಆಡಿ ಎದ್ದು ಬರಬಹುದು. ಇಳಿದ ಮೇಲೆ ಕರೆದರೆ, ಅವನು ಬೇಗ ಬರಲು ಉಳಿದಿರುವ ದಾರಿ ಒಂದೇ, ಯಾರಾದರೂ ಅವನನ್ನು ಹೊಡೆದುಹಾಕಬೇಕು.